ಮರುಬಳಕೆಯ ನೀರು: ಪ್ರಮಾಣಪತ್ರ ಸಾಲದು, ಪಹರೆ ಬೇಕು

ನಾನು ವಾಸಿಸುವ ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ ಕೊಳಚೆ ನೀರು ಸಂಸ್ಕರಿಸುವ ಪುಟ್ಟ ಘಟಕವೊಂದಿದೆ. ನಿವೃತ್ತಿಯ ನಂತರ ನಿವಾಸಿಗಳ ಸಂಘದವರು ಅದರ ಉಸ್ತುವಾರಿಯನ್ನು ನನಗೆ ವಹಿಸಿದರು. ಮೊದಲ ದಿನ ಕೆಳಗಿಳಿದು ನೋಡಿದಾಗ ಗೋಡೆಗೆ ತೂಗುಹಾಕಿದ್ದ ದಿನಚರಿ ಹಾಳೆ ಬಹು ಅಚ್ಚುಕಟ್ಟಾಗಿತ್ತು. ಕ್ಲೋರಿನ್‌ಗೆ ಮೀಸಲಾದ ಅಂಕಣದಲ್ಲಿ ಪ್ರತಿ ತಾರೀಖಿನ ಎದುರೂ ‘ಸರಿ’ ಎಂದು ಬರೆದಿತ್ತು. ಇನ್ನೂ ಬಾರದ ಮೂರು ದಿನಗಳ ಎದುರಿಗೂ ಅದೇ ಕೈಬರಹದಲ್ಲಿ ‘ಸರಿ’ ಎಂದಿತ್ತು. ಪಕ್ಕದ ಹೈಪೋಕ್ಲೋರೈಟ್ ಡ್ರಮ್ಮಿನ ಮುಚ್ಚಳ ತೆಗೆದರೆ ತಳ ಒಣಗಿತ್ತು. ಘಟಕ ನೋಡಿಕೊಳ್ಳುತ್ತಿದ್ದ ಹುಡುಗನನ್ನು ವಿಚಾರಿಸಿದೆ. ‘ಸ್ಟಾಕ್ ಬಂದಿಲ್ಲ ಸಾರ್. ಆದ್ರೆ ಲ್ಯಾಬ್ ರಿಪೋರ್ಟ್ ಯಾವಾಗ್ಲೂ ಚೆನ್ನಾಗೇ ಬರುತ್ತೆ’ ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಮಾದರಿ ಸಂಗ್ರಹಿಸಲು ಬರುವ ದಿನ ಮೊದಲೇ ತಿಳಿದಿರುತ್ತಿದ್ದುದರಿಂದ ಆ ದಿನದ ಮಟ್ಟಿಗೆ ಕ್ಲೋರಿನ್ ಬೀಳುತ್ತಿತ್ತು. ಕಡತದಲ್ಲಿದ್ದ ವರದಿಗಳೆಲ್ಲವೂ ನಿಯಮಕ್ಕೆ ಅನುಗುಣವಾಗಿಯೇ ಇದ್ದವು. ಉಳಿದ ದಿನಗಳಲ್ಲಿ ಅದೇ ನೀರು ಮುನ್ನೂರು ಮನೆಗಳ ಶೌಚಾಲಯಕ್ಕೆ ಏರುತ್ತಿತ್ತು. ಸಂಜೆ ಮಕ್ಕಳು ಹೊರಳಾಡುವ ಹುಲ್ಲುಹಾಸಿನ ಮೇಲೆ ತುಂತುರಾಗಿ ಬೀಳುತ್ತಿತ್ತು.

ಇದನ್ನು ಒಂದು ಕಟ್ಟಡದ ಅಸಡ್ಡೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಮೂರು ದಶಕಗಳ ಕಾಲ ಆಡಳಿತದಲ್ಲಿ ಕಡತಗಳೊಡನೆ ಬದುಕಿದ ನನಗೆ ಇದರಲ್ಲಿ ಪರಿಚಿತ ವ್ಯವಸ್ಥೆಯೊಂದು ಕಂಡಿತು. ಮರುಬಳಕೆಯ ನೀರಿನ ಸುರಕ್ಷತೆಯನ್ನು ನಾವು ಆಗೊಮ್ಮೆ ಈಗೊಮ್ಮೆ ಬರುವ ಪ್ರಮಾಣಪತ್ರದ ಮೇಲೆ ನಿಲ್ಲಿಸಿದ್ದೇವೆ. ಆ ನೀರಿನಲ್ಲಿರುವ ಬ್ಯಾಕ್ಟೀರಿಯಾಗಳಾದರೋ ದಿನದ ಇಪ್ಪತ್ನಾಲ್ಕು ಗಂಟೆಯೂ ಕ್ರಿಯಾಶೀಲ. ಪ್ರಮಾಣಪತ್ರದಿಂದ ದೈನಂದಿನ ಪಹರೆಗೆ ನಮ್ಮ ವ್ಯವಸ್ಥೆ ಬದಲಾಗದಿದ್ದರೆ, ಬೆಂಗಳೂರು ಮತ್ತು ಅದರ ನೆರೆಯ ಜಿಲ್ಲೆಗಳು ಆರಿಸಿಕೊಂಡಿರುವ ಈ ಅನಿವಾರ್ಯ ದಾರಿ ಒಂದೇ ಒಂದು ಅವಘಡದಿಂದ ಮುಚ್ಚಿಹೋಗಬಹುದು.

ಅನಿವಾರ್ಯ ಎಂಬ ಮಾತನ್ನು ಯೋಚಿಸಿಯೇ ಬಳಸಿದ್ದೇನೆ. ಸುಮಾರು 100 ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುವ ಕಾವೇರಿಯೇ ಬೆಂಗಳೂರಿನ ಮುಖ್ಯ ಜಲಮೂಲ. 2024ರ ಅಕ್ಟೋಬರ್‌ನಲ್ಲಿ ಚಾಲನೆ ಪಡೆದ ಐದನೇ ಹಂತದಿಂದ ದಿನಕ್ಕೆ 77.5 ಕೋಟಿ ಲೀಟರ್ ನೀರು ಸೇರ್ಪಡೆಯಾಯಿತು. ಅದಕ್ಕೆ ಕೆಲವೇ ತಿಂಗಳ ಮುಂಚೆ, 2024ರ ಮಾರ್ಚ್‌ನಲ್ಲಿ, ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ನಿರ್ಮಾಣಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಬೇಕಾಗಿ ಬಂದುದನ್ನು ಓದುಗರು ಮರೆತಿರಲಾರರು. ನಗರಕ್ಕೆ ಬರುವ ನೀರಿನ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಅಂದರೆ ಪ್ರತಿಯೊಂದು ಕಾವೇರಿ ಹಂತದ ಜೊತೆಗೆ ನಗರದೊಳಗೇ ಮತ್ತೊಂದು ನದಿ ಹುಟ್ಟುತ್ತದೆ. ಅದನ್ನು ಬಿಟ್ಟು ಮುಂದೆ ಹೋಗುವ ಶಕ್ತಿ ನಮಗಿಲ್ಲ. ರಾಜ್ಯ ಸರ್ಕಾರ 2017ರಲ್ಲಿಯೇ ನಗರ ತ್ಯಾಜ್ಯ ನೀರಿನ ಮರುಬಳಕೆ ನೀತಿಯನ್ನು ರೂಪಿಸಿತು. ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ದಿನಕ್ಕೆ 44 ಕೋಟಿ ಲೀಟರ್, ಹೆಬ್ಬಾಳ–ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರ ಮುಂತಾದ ಕಡೆಗೆ 21 ಕೋಟಿ ಲೀಟರ್ ಸಂಸ್ಕರಿಸಿದ ನೀರನ್ನು ಹರಿಸುವ ಯೋಜನೆಗಳು ಈ ಚಿಂತನೆಯ ಫಲ. ಇಷ್ಟು ದೊಡ್ಡ ಪ್ರಮಾಣದಲ್ಲಿ ನಗರದ ನೀರನ್ನು ಬರಪೀಡಿತ ಗ್ರಾಮಾಂತರಕ್ಕೆ ಒಯ್ಯುವ ಪ್ರಯತ್ನ ದೇಶದಲ್ಲಿ ಅಪರೂಪ.

ಶೇ 99 ಎಂಬ ಭ್ರಮೆ

ಸುರಕ್ಷತೆಯ ಚರ್ಚೆಯಲ್ಲಿ ಮೊದಲು ಎದುರಾಗುವುದು ಶೇಕಡಾವಾರು ಲೆಕ್ಕದ ಮೋಸ. ಹಸಿ ಕೊಳಚೆಯ 100 ಮಿಲಿಲೀಟರ್‌ನಲ್ಲಿ, ಅಂದರೆ ಅರ್ಧ ಲೋಟದಷ್ಟರಲ್ಲಿ, ಮಲಮೂಲದ ಕೋಲಿಫಾರಂ ಬ್ಯಾಕ್ಟೀರಿಯಾಗಳು ಹತ್ತು ಲಕ್ಷದಿಂದ ಹತ್ತು ಕೋಟಿಯವರೆಗೆ ಇರುತ್ತವೆ. ಒಂದು ಕೋಟಿ ಎಂದು ಇಟ್ಟುಕೊಳ್ಳೋಣ. ಗಾಳಿಯೂಡಿ, ಕೆಸರನ್ನು ತಳಕ್ಕಿಳಿಸುವ ಎರಡನೇ ಹಂತದ ಸಂಸ್ಕರಣೆ ಉತ್ತಮವಾಗಿ ನಡೆದರೆ ಇವುಗಳಲ್ಲಿ ಶೇ 90ರಿಂದ 99ರಷ್ಟು ನಿವಾರಣೆಯಾಗುತ್ತವೆ. ಶೇ 99 ಎಂದರೆ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದಂತೆ ಕೇಳಿಸುತ್ತದೆ. ಆದರೆ ಕೋಟಿಯಲ್ಲಿ ಶೇ 99 ಕಳೆದರೆ ಉಳಿಯುವುದು ಒಂದು ಲಕ್ಷ.

ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ನಿಗದಿಪಡಿಸಿದ ಮಿತಿ 1,000ಕ್ಕಿಂತ ಕಡಿಮೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಇದನ್ನು 230ಕ್ಕೆ ಇಳಿಸುವಂತೆ ಆದೇಶಿಸಿತು. ಶೌಚಾಲಯದ ಫ್ಲಶ್, ವಾಹನ ತೊಳೆಯುವುದು ಮುಂತಾಗಿ ಮನುಷ್ಯರ ಸಂಪರ್ಕಕ್ಕೆ ಬರುವ ಬಳಕೆಗಳಿಗೆ ಕೇಂದ್ರದ ತಾಂತ್ರಿಕ ಕೈಪಿಡಿ ಹೇಳುವುದು ಶೂನ್ಯ. ಒಂದು ಕೋಟಿಯಿಂದ 230ಕ್ಕೆ ಇಳಿಯಬೇಕಾದರೆ ಶೇ 99 ಸಾಲದು, ಶೇ 99.99ಕ್ಕಿಂತ ಹೆಚ್ಚು ಬೇಕು. ದಶಮಾಂಶ ಬಿಂದುವಿನ ಬಲಗಡೆಯ ಆ ಎರಡು ಅಂಕಿಗಳಲ್ಲಿಯೇ ಸಾರ್ವಜನಿಕ ಆರೋಗ್ಯದ ಅಳಿವು ಉಳಿವು ಅಡಗಿದೆ. ನೀರು ತಿಳಿಯಾಗಿದೆ, ವಾಸನೆಯಿಲ್ಲ, ಬಿಒಡಿ ಹತ್ತಕ್ಕಿಂತ ಕಡಿಮೆ ಇದೆ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಬಿಒಡಿ ನೀರಿನಲ್ಲಿರುವ ಕೊಳೆಯುವ ಪದಾರ್ಥವನ್ನು ಅಳೆಯುತ್ತದೆ, ರೋಗಾಣುಗಳನ್ನು ಎಣಿಸುವುದಿಲ್ಲ.

ಆ ಕೊನೆಯ ಮೆಟ್ಟಿಲುಗಳನ್ನು ದಾಟಿಸುವುದು ಶೋಧನೆ ಮತ್ತು ರೋಗಾಣುನಾಶ. ಕ್ಲೋರಿನ್ ಅಗ್ಗ, ಪರಿಚಿತ, ಬ್ಯಾಕ್ಟೀರಿಯಾಗಳ ಮೇಲೆ ಪರಿಣಾಮಕಾರಿ. ಆದರೆ ಅದು ಮಂತ್ರದ ನೀರಲ್ಲ. ನೀರು ಕದಡಿದ್ದರೆ ಬ್ಯಾಕ್ಟೀರಿಯಾಗಳು ಕಣಗಳೊಳಗೆ ಅವಿತು ಬದುಕುತ್ತವೆ. ಸಂಸ್ಕರಣೆ ಅರೆಬರೆಯಾಗಿ ಅಮೋನಿಯಾ ಉಳಿದಿದ್ದರೆ ಕ್ಲೋರಿನ್ ಅದರೊಡನೆ ಕೂಡಿ ಬಲಗುಂದುತ್ತದೆ. ಸಂಪರ್ಕ ತೊಟ್ಟಿಯಲ್ಲಿ ನೀರು ಕನಿಷ್ಠ ಅರ್ಧ ಗಂಟೆಯಾದರೂ ನಿಲ್ಲದೆ ಓಡಿದರೆ ಸುರಿದ ಔಷಧ ವ್ಯರ್ಥ. ಬಿಸಿಲಿಗೆ, ಬಿಸಿಗೆ ಇಟ್ಟ ಹೈಪೋಕ್ಲೋರೈಟ್ ಕೆಲವೇ ವಾರಗಳಲ್ಲಿ ಶಕ್ತಿ ಕಳೆದುಕೊಳ್ಳುವುದರಿಂದ, ಡ್ರಮ್ಮು ತುಂಬಿದ್ದ ಮಾತ್ರಕ್ಕೆ ಕ್ಲೋರಿನ್ ಇದೆ ಎನ್ನುವಂತಿಲ್ಲ. ಅತಿನೇರಳೆ ಕಿರಣದ ದೀಪ ಇನ್ನೊಂದು ಒಳ್ಳೆಯ ಸಾಧನ. ಕ್ಲೋರಿನ್‌ಗೆ ಜಗ್ಗದ ಕ್ರಿಪ್ಟೋಸ್ಪೋರಿಡಿಯಂನಂತಹ ಪರಾವಲಂಬಿ ಜೀವಿಗಳನ್ನೂ ಅದು ನಿಷ್ಕ್ರಿಯಗೊಳಿಸುತ್ತದೆ. ಆದರೆ ಅದಕ್ಕೂ ನೀರು ತಿಳಿಯಾಗಿರಬೇಕು, ದೀಪದ ಗಾಜು ಲೋಳೆ ಕಟ್ಟದಿರಬೇಕು. ಜೊತೆಗೆ ದೀಪದ ಕೆಲಸ ದೀಪದ ಬಳಿಯೇ ಮುಗಿಯುತ್ತದೆ. ಮುಂದಿನ ಕೊಳವೆಯಲ್ಲಿ ಕಾಯುವ ಕಾವಲುಗಾರ ಉಳಿಯುವುದಿಲ್ಲ.

ವರದಿ ಬರುವಷ್ಟರಲ್ಲಿ ನೀರು ಹೋಗಿರುತ್ತದೆ

ಇನ್ನೊಂದು ಸಂಗತಿ ಆಡಳಿತಗಾರರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಕೋಲಿಫಾರಂ ಪರೀಕ್ಷೆ ಎಂದರೆ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ನೋಡುವುದು. ಅದಕ್ಕೆ ಕನಿಷ್ಠ ಒಂದು ದಿನ, ನಳಿಕೆಗಳ ಸಾಂಪ್ರದಾಯಿಕ ವಿಧಾನದಲ್ಲಾದರೆ ಎರಡರಿಂದ ನಾಲ್ಕು ದಿನ ಬೇಕು. ಸೋಮವಾರ ತೆಗೆದ ಮಾದರಿಯ ಫಲಿತಾಂಶ ಗುರುವಾರ ಬಂದರೆ, ಸೋಮವಾರದ ನೀರು ಅಷ್ಟರಲ್ಲಿ ಉದ್ಯಾನಕ್ಕೋ ಕೆರೆಗೋ ಸೇರಿ ಮೂರು ದಿನವಾಗಿರುತ್ತದೆ. ಆದ್ದರಿಂದ ಕೋಲಿಫಾರಂ ವರದಿ, ಅದು ಪ್ರಾಮಾಣಿಕವಾಗಿದ್ದಾಗಲೂ, ಕಳೆದುಹೋದ ದಿನದ ಇತಿಹಾಸವೇ ಹೊರತು ಇಂದಿನ ರಕ್ಷಣೆಯಲ್ಲ.

ಇಂದಿನ ರಕ್ಷಣೆ ಇರುವುದು ನಿಮಿಷ ನಿಮಿಷಕ್ಕೆ ಅಳೆಯಬಹುದಾದ ಸರಳ ಸಂಗತಿಗಳಲ್ಲಿ. ಶೋಧಕದಿಂದ ಹೊರಬಂದ ನೀರು ಎಷ್ಟು ಕದಡಿದೆ, ಕ್ಲೋರಿನ್ ಎಷ್ಟು ಉಳಿದಿದೆ, ಎಷ್ಟು ಹೊತ್ತು ಸಂಪರ್ಕದಲ್ಲಿತ್ತು ಎಂಬುದು ಗೊತ್ತಿದ್ದರೆ ಬ್ಯಾಕ್ಟೀರಿಯಾ ಸತ್ತಿರುವ ಸಾಧ್ಯತೆಯನ್ನು ಆಗಲೇ ಹೇಳಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ನಿಯಮಾವಳಿ ಈ ತತ್ವದ ಮೇಲೆಯೇ ನಿಂತಿದೆ. ಜನಸಂಪರ್ಕಕ್ಕೆ ಬರುವ ಮರುಬಳಕೆಯ ನೀರಿಗೆ ಒಟ್ಟು ಕೋಲಿಫಾರಂ ಮಿತಿ ಅಲ್ಲಿ 100 ಮಿಲಿಲೀಟರ್‌ಗೆ ಕೇವಲ 2.2. ಆದರೆ ಆ ಅಂಕಿಯೊಂದನ್ನೇ ನಂಬಿ ಅವರು ಕುಳಿತಿಲ್ಲ. ಕ್ಲೋರಿನ್ ಬಳಸುವ ಕಡೆ ಅದರ ಪ್ರಮಾಣವನ್ನು ಸಂಪರ್ಕದ ನಿಮಿಷಗಳಿಂದ ಗುಣಿಸಿದರೆ 450ಕ್ಕೆ ಕಡಿಮೆಯಾಗಬಾರದು, ಸಂಪರ್ಕ 90 ನಿಮಿಷಕ್ಕಿಂತ ಕಡಿಮೆ ಇರಬಾರದು ಎಂಬಂತಹ ಕಾರ್ಯಾಚರಣೆಯ ಷರತ್ತುಗಳನ್ನು ವಿಧಿಸಿದ್ದಾರೆ. ಲೆಕ್ಕ ತಪ್ಪಿದರೆ ಎಚ್ಚರಿಕೆಯ ಗಂಟೆ ಬಾರಿಸಬೇಕು, ನೀರು ಬಳಕೆದಾರನತ್ತ ಹೋಗದೆ ಬೇರೆಡೆಗೆ ತಿರುಗಬೇಕು. ಪರೀಕ್ಷೆ ಅಲ್ಲಿ ಪಹರೆಯ ಮೇಲಿನ ತಪಾಸಣೆ, ಪಹರೆಗೆ ಬದಲಿಯಲ್ಲ.

ಕೋಲಿಫಾರಂ ಎಂಬ ಸೂಚಕಕ್ಕೂ ಅದರದೇ ಮಿತಿಗಳಿವೆ. ಅದು ಮಲಮೂಲದ ಮಾಲಿನ್ಯಕ್ಕೆ ಸಾಕ್ಷಿ ಹೇಳುತ್ತದೆಯೇ ವಿನಾ ನೀರಿನಲ್ಲಿಯೇ ಬೆಳೆಯುವ ರೋಗಾಣುಗಳ ಬಗ್ಗೆ ಅಲ್ಲ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ಕಾಣಿಸಿಕೊಂಡ ಮಾರಕ ನ್ಯುಮೋನಿಯಾದಿಂದ ಜಗತ್ತಿಗೆ ಪರಿಚಯವಾದ ಲೀಜನೆಲ್ಲಾ ಬ್ಯಾಕ್ಟೀರಿಯಾ ಇಂತಹದು. ಬೆಚ್ಚಗಿನ ನಿಂತ ನೀರಿನಲ್ಲಿ, ಕೊಳವೆಯೊಳಗಿನ ಲೋಳೆಪದರದಲ್ಲಿ ಅದು ಹುಲುಸಾಗಿ ಬೆಳೆಯುತ್ತದೆ. ಕುಡಿದರೆ ಅಲ್ಲ, ಸೂಕ್ಷ್ಮ ಹನಿಗಳಾಗಿ ಉಸಿರಿನೊಡನೆ ಒಳಹೊಕ್ಕರೆ ಅಪಾಯ. ಸಂಸ್ಕರಿಸಿದ ನೀರಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಆಹಾರ ಉಳಿದಿರುವುದರಿಂದ, ಕ್ಲೋರಿನ್ ಕರಗಿಹೋದ ಮೇಲೆ ಓವರ್‌ಹೆಡ್ ಟ್ಯಾಂಕಿನಲ್ಲಿ, ಕೊಳವೆಗಳಲ್ಲಿ ಅವು ಮರಳಿ ಬೆಳೆಯುತ್ತವೆ. ಐ.ಟಿ. ಕಟ್ಟಡಗಳ, ಮಾಲ್‌ಗಳ, ಆಸ್ಪತ್ರೆಗಳ ತಾರಸಿಯ ಮೇಲಿನ ಹವಾನಿಯಂತ್ರಣದ ಕೂಲಿಂಗ್ ಟವರುಗಳಿಗೆ ಈ ನೀರನ್ನು ಬಳಸುವವರು ಕೋಲಿಫಾರಂ ವರದಿಯೊಂದನ್ನೇ ತೋರಿಸಿ ನಿಶ್ಚಿಂತರಾಗುವಂತಿಲ್ಲ. ಇನ್ನು ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ಮಾತು. ದೆಹಲಿಯಲ್ಲಿ ಸಂಗ್ರಹಿಸಿದ 171 ಹರಿವು ನೀರಿನ ಮಾದರಿಗಳ ಪೈಕಿ 51ರಲ್ಲಿ, 50 ನಲ್ಲಿ ನೀರಿನ ಮಾದರಿಗಳ ಪೈಕಿ ಎರಡರಲ್ಲಿ, ಪ್ರಬಲ ಆ್ಯಂಟಿಬಯೋಟಿಕ್‌ಗಳನ್ನೂ ನಿಷ್ಫಲಗೊಳಿಸುವ ವಂಶವಾಹಿ ಪತ್ತೆಯಾದುದನ್ನು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಗರದ ಕೊಳಚೆ ಎಂದರೆ ನಗರದ ಆಸ್ಪತ್ರೆಗಳ ಕೊಳಚೆಯೂ ಹೌದು.

ಎರಡು ಕೊಳವೆಗಳ ಕಥೆ

ಅತ್ಯುತ್ತಮವಾಗಿ ಸಂಸ್ಕರಿಸಿದರೂ ಒಬ್ಬ ಕೊಳಾಯಿ ಕೆಲಸಗಾರನ ಒಂದು ತಪ್ಪು ಜೋಡಣೆ ಎಲ್ಲವನ್ನೂ ಕೆಡಿಸಬಲ್ಲದು. ನೆದರ್ಲೆಂಡ್ಸ್‌ನ ಯೂಟ್ರೆಕ್ಟ್ ನಗರದ ಹೊಸ ಬಡಾವಣೆಯಾದ ಲೀಡ್ಸ್‌ಖ ರೈನ್‌ನಲ್ಲಿ ಮನೆಗಳಿಗೆ ಎರಡು ಕೊಳವೆಗಳಿದ್ದವು: ಒಂದು ಕುಡಿಯುವ ನೀರಿಗೆ, ಇನ್ನೊಂದು ಶೌಚಾಲಯ ಮತ್ತು ತೋಟಕ್ಕೆ. ಎರಡನೆಯದರಲ್ಲಿ ಇದ್ದುದು ಕೊಳಚೆಯೂ ಅಲ್ಲ, ಭಾಗಶಃ ಶುದ್ಧೀಕರಿಸಿದ ನದಿಯ ನೀರು. 2001ರ ಕೊನೆಯಲ್ಲಿ ಎರಡೂ ಜಾಲಗಳು ಅಚಾತುರ್ಯದಿಂದ ಕೂಡಿಕೊಂಡು ಜನ ವಾಂತಿಭೇದಿಯಿಂದ ನರಳಿದರು. ಅದರ ಬೆನ್ನಿಗೇ ಆ ದೇಶದ ಸರ್ಕಾರ ಇಂತಹ ಎರಡು ಕೊಳವೆಯ ದೊಡ್ಡ ಯೋಜನೆಗಳನ್ನೇ ಕೈಬಿಟ್ಟಿತು. ನೀರಿನ ಎಂಜಿನಿಯರಿಂಗ್‌ನಲ್ಲಿ ಜಗತ್ತಿಗೆ ಪಾಠ ಹೇಳುವ ದೇಶದಲ್ಲಿಯೇ ಒಂದು ತಪ್ಪು ಜೋಡಣೆ ಇಡೀ ನೀತಿಯನ್ನು ಬಲಿ ತೆಗೆದುಕೊಂಡಿತು ಎಂಬುದನ್ನು ನಾವು ಗಮನಿಸಬೇಕು.

ನಮ್ಮಲ್ಲಿ ಈ ಅಪಾಯ ಹೆಚ್ಚು. ಶೌಚಾಲಯದ ಫ್ಲಶ್‌ಗೆ ಮರುಬಳಕೆಯ ನೀರು ಸರಿ. ಆದರೆ ಅದರ ಪಕ್ಕದಲ್ಲಿಯೇ ಇರುವ, ನಾವು ಮೈ ಶುಚಿಗೊಳಿಸಿಕೊಳ್ಳುವ ಹೆಲ್ತ್ ಫಾಸೆಟ್‌ಗೆ ಬರಬೇಕಾದುದು ಕಾವೇರಿ ಅಥವಾ ಕೊಳವೆಬಾವಿಯ ನೀರು. ಸ್ನಾನಗೃಹ ನವೀಕರಿಸುವಾಗ ಗೋಡೆ ಒಡೆಯುವ ಖರ್ಚು ಉಳಿಸಲು ಫ್ಲಶ್‌ನ ಕೊಳವೆಯಿಂದಲೇ ಒಂದು ಕವಲು ಎಳೆದರೆ ಕೇಳುವವರಾರು? ಮರುಬಳಕೆಯ ನೀರಿನ ಕೊಳವೆಗೆ ನೇರಳೆ ಬಣ್ಣ ಬಳಿಯುವುದು ಅನೇಕ ದೇಶಗಳಲ್ಲಿ ರೂಢಿ. ಆದರೆ ಗೋಡೆಯೊಳಗೆ ಹುದುಗಿದ ಬಣ್ಣ ಯಾರಿಗೂ ಕಾಣದು. ವರ್ಷಕ್ಕೊಮ್ಮೆ ಕುಡಿಯುವ ನೀರಿನ ಕೊಳವೆಯನ್ನು ಪೂರ್ತಿ ಮುಚ್ಚಿ, ಯಾವ ನಲ್ಲಿಯಲ್ಲಾದರೂ ನೀರು ಬರುತ್ತದೆಯೇ ಎಂದು ಮನೆ ಮನೆಯಲ್ಲಿ ನೋಡಿದರೆ ತಪ್ಪು ಜೋಡಣೆ ಬಯಲಾಗುತ್ತದೆ. ಇದಕ್ಕೆ ಯಂತ್ರ ಬೇಡ, ಅರ್ಧ ದಿನದ ಶ್ರಮ ಸಾಕು. ನಮ್ಮ ಸಮುಚ್ಚಯದಲ್ಲಿ ಹೀಗೆ ನೋಡಿದಾಗ ಎರಡು ಮನೆಗಳಲ್ಲಿ ಅಂತಹ ಜೋಡಣೆ ಸಿಕ್ಕಿತು.

ಕೋಲಾರದ ರೈತನ ಪ್ರಶ್ನೆ

ನಗರದೊಳಗಿನ ಬಳಕೆದಾರನಿಗೆ ಕಡೆಯಪಕ್ಷ ಸಂಘವಿದೆ, ದೂರು ಕೊಡಲು ದೂರವಾಣಿಯಿದೆ. ನಗರ ಕಳುಹಿಸಿದ ನೀರನ್ನು ಸ್ವೀಕರಿಸುವ ಕೋಲಾರದ ರೈತನ ಸ್ಥಿತಿ ಬೇರೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಹರಿದಾಗ ದಶಕಗಳಿಂದ ಒಣಗಿದ ಕೆರೆಯಂಗಳ ಕಂಡಿದ್ದ ಜನ ಸಂಭ್ರಮಿಸಿದ್ದು ನಿಜ. ಮರುತಿಂಗಳೇ ಅದೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ಜನ ಕಂಗಾಲಾದದ್ದೂ ಅಷ್ಟೇ ನಿಜ. ಪ್ರಕರಣ ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಹರಿವು ಕೆಲಕಾಲ ನಿಂತು ಮತ್ತೆ ಆರಂಭವಾಯಿತು. ಎರಡನೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತದ ಸಂಸ್ಕರಣೆ ಬೇಕು ಎಂಬ ಹೋರಾಟಗಾರರ ಬೇಡಿಕೆ ಅಂದಿನಿಂದ ನಿಂತೇ ಇಲ್ಲ.

ಯೋಜನೆಯ ತರ್ಕ ಹೀಗಿದೆ: ಕೆರೆಯ ನೀರನ್ನು ನೇರವಾಗಿ ಬಳಸುವಂತಿಲ್ಲ, ಅದು ನೆಲಕ್ಕಿಳಿದು ಅಂತರ್ಜಲವಾಗಬೇಕು, ಇಳಿಯುವಾಗ ಮಣ್ಣೇ ಶೋಧಕವಾಗುತ್ತದೆ. ಕೆರೆಯಿಂದ ಕೆರೆಗೆ ಹರಿಯುವಾಗ ಬಿಸಿಲು, ಕಾಲ, ಹೂಳು ಮೂರೂ ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡುತ್ತವೆ ಎಂಬುದರಲ್ಲಿ ಸಂದೇಹವಿಲ್ಲ. ಇಸ್ರೇಲ್‌ನ ಶಫ್ದಾನ್ ಯೋಜನೆ ದಶಕಗಳಿಂದ ಇದೇ ತತ್ವದ ಮೇಲೆ ಯಶಸ್ವಿಯಾಗಿದೆ. ಆದರೆ ಅಲ್ಲಿಯದು ಮರಳಿನ ನೆಲ. ನೀರು ಮೆಲ್ಲಗೆ, ಕಣ ಕಣದ ನಡುವೆ ಇಳಿಯುತ್ತದೆ. ಕೋಲಾರದ್ದು ಗಟ್ಟಿ ಶಿಲೆಯ ನೆಲ. ಅಲ್ಲಿ ಮೇಲಿನ ಮಣ್ಣಿನ ಪದರ ದಾಟಿದ ಮೇಲೆ ನೀರು ಸಾಗುವುದು ಬಂಡೆಯ ಬಿರುಕುಗಳಲ್ಲಿ. ಬಿರುಕಿನಲ್ಲಿ ಶೋಧನೆ ಕಡಿಮೆ, ವೇಗ ಹೆಚ್ಚು. ಕೆರೆಯ ಬದಿಯ ಕೊಳವೆಬಾವಿಗೂ ಕೆರೆಯಂಗಳಕ್ಕೂ ನಡುವೆ ಎಂತಹ ಬಿರುಕಿದೆ ಎಂಬುದು ಒಂದೊಂದು ಊರಿಗೂ ಬೇರೆ. ಆದ್ದರಿಂದ ಬೆಂಗಳೂರಿನ ಘಟಕದ ಹೊರಬಾಗಿಲಲ್ಲಿ ತೆಗೆದ ಮಾದರಿ ಕೋಲಾರದ ಹಳ್ಳಿಯ ಕುಡಿಯುವ ನೀರಿಗೆ ಜಾಮೀನಾಗಲಾರದು. ಮೇಲಾಗಿ ಬೇಸಿಗೆಯಲ್ಲಿ ಕೆರೆಗೆ ರಾತ್ರೋರಾತ್ರಿ ಪಂಪ್ ಇಳಿಸದೆ ಟೊಮೆಟೊ ತೋಟ ಒಣಗಲು ಬಿಡುವ ರೈತ ಎಷ್ಟು ಜನ? ನಿಯಮ ಇಲ್ಲ ಎನ್ನುವ ಬಳಕೆಯೂ ನಡೆಯುತ್ತದೆ ಎಂದು ಒಪ್ಪಿಕೊಂಡೇ ಸುರಕ್ಷತೆಯನ್ನು ಯೋಜಿಸಬೇಕು.

ಹಾಗೆಂದು ಈ ನೀರೇ ಬೇಡ ಎನ್ನುವವರ ವಾದವನ್ನೂ ನಾನು ಒಪ್ಪಲಾರೆ. ಮರುಬಳಕೆಯ ನೀರಿಗೆ ಪರ್ಯಾಯ ಹಿಮಾಲಯದ ತೊರೆಯಲ್ಲ. ವೃಷಭಾವತಿಯ ಕೆಳಹರಿವಿನಲ್ಲಿ, ಬೈರಮಂಗಲದ ಸುತ್ತಮುತ್ತ ದಶಕಗಳಿಂದ ನಗರದ ಕೊಳಚೆಯಲ್ಲಿಯೇ ಬೇಸಾಯ ನಡೆದಿದೆ. ನಾವು ವ್ಯವಸ್ಥಿತವಾಗಿ ಬಳಸದಿದ್ದರೆ ಅವ್ಯವಸ್ಥಿತ ಬಳಕೆ ತಾನಾಗಿಯೇ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಚಿಂತನೆ ಬೆಳೆದು ಬಂದ ಬಗೆ ಇಲ್ಲಿ ಗಮನಾರ್ಹ. 1989ರ ಮಾರ್ಗಸೂಚಿ ಹಸಿಯಾಗಿ ತಿನ್ನುವ ಬೆಳೆಗಳಿಗೆ 100 ಮಿಲಿಲೀಟರ್‌ಗೆ 1,000 ಕೋಲಿಫಾರಂ ಎಂಬ ಒಂದು ಅಂಕಿಯನ್ನು ಮುಂದಿಟ್ಟಿತ್ತು. 2006ರ ಮಾರ್ಗಸೂಚಿ ಅಂಕಿಯೊಂದನ್ನೇ ಹಿಡಿಯದೆ, ಘಟಕದಿಂದ ಊಟದ ತಟ್ಟೆಯವರೆಗೆ ಸಾಲು ಸಾಲು ತಡೆಗಳನ್ನು ನಿಲ್ಲಿಸಿ ಎಂದಿತು. ಹನಿ ನೀರಾವರಿಯಿಂದ ಬೆಳೆಗೆ ತಾಗುವ ರೋಗಾಣು ನೂರು ಪಟ್ಟು ಅಥವಾ ಅದಕ್ಕೂ ಹೆಚ್ಚು ತಗ್ಗುತ್ತದೆ. ಕೊಯ್ಲಿಗೆ ಮುಂಚೆ ಕೆಲವು ದಿನ ನೀರು ನಿಲ್ಲಿಸಿದರೆ ಬಿಸಿಲೇ ಇನ್ನಷ್ಟನ್ನು ಕೊಲ್ಲುತ್ತದೆ. ಶುದ್ಧ ನೀರಿನಲ್ಲಿ ತೊಳೆದರೆ ಹತ್ತು ಪಟ್ಟು, ಸಿಪ್ಪೆ ತೆಗೆದರೆ ನೂರು ಪಟ್ಟು ಕಡಿಮೆ. ಚೆನ್ನಾಗಿ ಬೇಯಿಸಿದರೆ ಬಹುತೇಕ ಪೂರ್ತಿ ನಾಶ. ಕೊತ್ತಂಬರಿ ಸೊಪ್ಪಿಗೆ ಬೇಕಾದ ಎಚ್ಚರ ರೇಷ್ಮೆಯ ಹಿಪ್ಪುನೇರಳೆಗೆ ಬೇಡ. ಒಂದು ತಡೆ ಕುಸಿದರೂ ಇನ್ನೊಂದು ನಿಂತಿರುತ್ತದೆ ಎಂಬುದೇ ಈ ವಿಧಾನದ ಬಲ.

ಕಾಣದ ಗುಣಕ್ಕೆ ಬೆಲೆ ಕಟ್ಟುವವರಾರು?

ಇಷ್ಟೆಲ್ಲ ತಿಳಿದಿದ್ದೂ ಏಕೆ ಆಗುತ್ತಿಲ್ಲ? ತಂತ್ರಜ್ಞಾನದ ಕೊರತೆಯಿಂದಲ್ಲ. ಕಬ್ಬನ್ ಉದ್ಯಾನ, ಲಾಲ್‌ಬಾಗ್‌ಗಳಲ್ಲಿ ಸಂಸ್ಕರಿಸಿದ ನೀರು ಹರಿಯುತ್ತಿರುವುದು ಹೊಸತೇನಲ್ಲ. ಸಿಂಗಪುರ 2003ರಿಂದ ಸಂಸ್ಕರಿಸಿದ ನೀರನ್ನು ಸೂಕ್ಷ್ಮ ಪೊರೆಗಳ ಮೂಲಕ ಹಾಯಿಸಿ ಕಾರ್ಖಾನೆಗಳಿಗೂ ಜಲಾಶಯಗಳಿಗೂ ಕೊಡುತ್ತಿದೆ. ನಮೀಬಿಯಾದ ವಿಂಡ್‌ಹುಕ್ 1968ರಿಂದಲೇ ಕೊಳಚೆಯನ್ನು ಶುದ್ಧೀಕರಿಸಿ ಕುಡಿಯುವ ನೀರಿನೊಡನೆ ಬೆರೆಸುತ್ತಿದೆ. ಅದೇನೂ ಶ್ರೀಮಂತ ದೇಶವಲ್ಲ.

ಉತ್ತರ ಅರ್ಥಶಾಸ್ತ್ರದಲ್ಲಿದೆ. ಮಾರುವವನಿಗೆ ಗೊತ್ತಿರುವ ದೋಷ ಕೊಳ್ಳುವವನಿಗೆ ಕಾಣದಿದ್ದರೆ ಪೇಟೆಯಲ್ಲಿ ಕಳಪೆ ಸರಕು ಒಳ್ಳೆಯ ಸರಕನ್ನು ಹೊರದೂಡುತ್ತದೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. 2001ರಲ್ಲಿ ಅದಕ್ಕೆ ನೊಬೆಲ್ ಗೌರವವೂ ಬಂತು. ಬ್ಯಾಕ್ಟೀರಿಯಾಗಿಂತ ಕಾಣದ ದೋಷ ಇನ್ನಾವುದಿದೆ? ಟ್ಯಾಂಕರಿನಲ್ಲಿ ಬರುವ ಎರಡು ಬಗೆಯ ಸಂಸ್ಕರಿತ ನೀರು ಕಣ್ಣಿಗೆ ಒಂದೇ. ಶ್ರದ್ಧೆಯಿಂದ ಘಟಕ ನಡೆಸಿದವನಿಗೆ ಹೆಚ್ಚಿನ ಬೆಲೆಯಿಲ್ಲ, ರಾತ್ರಿ ಬ್ಲೋಯರ್ ಆರಿಸಿ ವಿದ್ಯುತ್ ಬಿಲ್ ಉಳಿಸಿದವನಿಗೆ ಶಿಕ್ಷೆಯಿಲ್ಲ. ಉಳಿತಾಯ ಸಂಘದ ಲೆಕ್ಕಕ್ಕೆ ಜಮೆಯಾಗುತ್ತದೆ. ಕಾಯಿಲೆ ಬಿದ್ದರೆ ಖರ್ಚು ತೋಟದ ಮಾಲಿಯ, ಘಟಕದ ಹುಡುಗನ, ದೂರದ ಹಳ್ಳಿಯ ಲೆಕ್ಕಕ್ಕೆ. ವಾಂತಿಭೇದಿಗೆ ಕಾರಣ ಈ ನೀರೋ ಬೀದಿಯ ಪಾನಿಪುರಿಯೋ ಎಂದು ಸಾಬೀತು ಮಾಡುವವರೂ ಇಲ್ಲ. ಜವಾಬ್ದಾರಿಯಾದರೂ ಹಂಚಿಹೋಗಿದೆ. ದೊಡ್ಡ ಘಟಕಗಳು ಜಲಮಂಡಳಿಯವು. ಅನುಮತಿ ಮಾಲಿನ್ಯ ನಿಯಂತ್ರಣ ಮಂಡಳಿಯದು. ಕೋಲಾರಕ್ಕೆ ಒಯ್ಯುವುದು ಸಣ್ಣ ನೀರಾವರಿ ಇಲಾಖೆ. ಹಳ್ಳಿಯ ಕುಡಿಯುವ ನೀರು ಪಂಚಾಯಿತಿಯದು. ರೋಗ ಬಂದರೆ ಆರೋಗ್ಯ ಇಲಾಖೆ. ಐದು ಕಚೇರಿಗಳ ನಡುವೆ ಒಂದು ಕಡತ ಓಡಾಡಿದರೆ ಏನಾಗುತ್ತದೆಂದು ನನಗೆ ಅನುಭವವಿದೆ. ಪ್ರತಿಯೊಬ್ಬರೂ ತಮ್ಮ ಪಾಲಿನ ಟಿಪ್ಪಣಿ ಸರಿಯಾಗಿಯೇ ಬರೆದಿರುತ್ತಾರೆ.

ಆಗಬೇಕಾದುದು ಹೆಚ್ಚೇನಿಲ್ಲ. ಮೊದಲನೆಯದು, ಬಳಕೆಗೆ ತಕ್ಕಂತೆ ನೀರಿನ ವರ್ಗೀಕರಣ. ಕಾಂಕ್ರೀಟ್ ಕ್ಯೂರಿಂಗ್, ಹುಲ್ಲುಹಾಸು, ಕೂಲಿಂಗ್ ಟವರ್, ಕೆರೆ ತುಂಬಿಸುವಿಕೆ ಇವುಗಳಿಗೆ ಒಂದೇ ಅಂಕಿಯನ್ನು ವಿಧಿಸುವುದು ಕೆಲವರಿಗೆ ಅನಗತ್ಯ ಹೊರೆ, ಕೆಲವರಿಗೆ ಅಪಾಯಕರ ರಿಯಾಯಿತಿ. ಎರಡನೆಯದು, ಪ್ರತಿ ಘಟಕದಲ್ಲಿ ಕದಡು ಮತ್ತು ಉಳಿಕೆ ಕ್ಲೋರಿನ್ ಅಳೆಯುವ ಸ್ವಯಂಚಾಲಿತ ಮಾಪಕ. ಮಿತಿ ತಪ್ಪಿದೊಡನೆ ಪಂಪ್ ತಾನಾಗಿ ನಿಲ್ಲುವ ಏರ್ಪಾಡು. ಸಣ್ಣ ಘಟಕಗಳಿಗೆ ಮಾಪಕ ದುಬಾರಿ ಎನಿಸಿದರೆ ದಿನಕ್ಕೆ ಎರಡು ಬಾರಿ ಬಣ್ಣದ ಕಿಟ್‌ನಿಂದ ಪರೀಕ್ಷಿಸಿ ಅಂಕಿ ಬರೆಯಲಿ. ‘ಸರಿ’ ಎಂಬ ಪದಕ್ಕೆ ದಿನಚರಿಯಲ್ಲಿ ಜಾಗ ಇರಕೂಡದು. ಮೂರನೆಯದು, ಮಾದರಿ ಸಂಗ್ರಹ ಮುನ್ಸೂಚನೆಯಿಲ್ಲದೆ ನಡೆಯಬೇಕು. ಪ್ರಯೋಗಾಲಯವನ್ನು ಆರಿಸಿ ಹಣ ಕೊಡುವವನು ಘಟಕದ ಮಾಲೀಕನಾಗಿರಬಾರದು. ಶುಲ್ಕ ಮಂಡಳಿಗೆ ಹೋಗಲಿ, ಪ್ರಯೋಗಾಲಯವನ್ನು ಮಂಡಳಿ ಚೀಟಿ ಎತ್ತಿ ಆರಿಸಲಿ. ನಾಲ್ಕನೆಯದು, ಘಟಕ ನಡೆಸುವವರಿಗೆ ತರಬೇತಿ ಮತ್ತು ಪರವಾನಗಿ. ಲಿಫ್ಟ್ ನಿರ್ವಹಣೆಗೆ ಪರವಾನಗಿ ಕೇಳುವ ನಾವು ಸಾವಿರ ಜನರ ಮಲಮೂತ್ರ ಶುದ್ಧೀಕರಿಸುವ ಹೊಣೆಯನ್ನು ನಿನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೆ ಒಪ್ಪಿಸುತ್ತೇವೆ. ಅವನಿಗೆ ಕೈಗವಸು, ಬೂಟು, ಸೋಪು ಕೂಡ ಸಿಗುವುದಿಲ್ಲ. ಒಂದು ಬಡಾವಣೆಯ ಹತ್ತು ಘಟಕಗಳಿಗೆ ಸೇರಿ ಒಬ್ಬ ಅರ್ಹ ನಿರ್ವಾಹಕನನ್ನು ನೇಮಿಸಿಕೊಳ್ಳುವುದು ಕಷ್ಟವಲ್ಲ.

ಐದನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಕೋಲಾರ, ಚಿಕ್ಕಬಳ್ಳಾಪುರಗಳ ಕೆರೆಗಳ ಹಾಗೂ ಕೆರೆಬದಿಯ ಕುಡಿಯುವ ನೀರಿನ ಕೊಳವೆಬಾವಿಗಳ ನಿಯಮಿತ ಪರೀಕ್ಷೆ. ಅದನ್ನು ಯೋಜನೆ ನಡೆಸುವ ಇಲಾಖೆಯ ಹೊರಗಿನ ಸಂಸ್ಥೆ ಮಾಡಬೇಕು. ಫಲಿತಾಂಶ ಆಯಾ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಕನ್ನಡದಲ್ಲಿ, ಕುಡಿಯಬಹುದು ಅಥವಾ ಕುಡಿಯಬಾರದು ಎಂಬ ಸ್ಪಷ್ಟ ಮಾತಿನಲ್ಲಿ ಇರಬೇಕು. ಕುಡಿಯಬಾರದು ಎಂದಾದ ದಿನವೇ ಪಂಚಾಯಿತಿ ಆ ಬಾವಿಯ ನೀರಿಗೆ ಕ್ಲೋರಿನ್ ಬೆರೆಸಲು ಅಥವಾ ಬದಲಿ ನೀರು ಒದಗಿಸಲು ಹಣ ಸಿದ್ಧವಿರಬೇಕು. ಈ ಖರ್ಚು ಬೆಂಗಳೂರಿನ ನೀರಿನ ಬಿಲ್ಲಿನಲ್ಲಿ ಸೇರಬೇಕು. ನೀರು ಬಳಸಿ ಕೊಳಚೆ ಮಾಡಿದವರು ನಾವು. ಅದರ ಕಾವಲಿನ ವೆಚ್ಚವನ್ನು ಪಡೆದುಕೊಂಡವರ ಮೇಲೆ ಹೊರಿಸುವುದು ನ್ಯಾಯವಲ್ಲ.

ಇದರಿಂದ ವೆಚ್ಚ ಹೆಚ್ಚುತ್ತದೆ ಎಂಬ ಆಕ್ಷೇಪಣೆ ಬರುವುದು ಸಹಜ. ಆದರೆ ಘಟಕವೊಂದರ ಖರ್ಚಿನಲ್ಲಿ ಸಿಂಹಪಾಲು ಗಾಳಿಯೂಡುವ ವಿದ್ಯುತ್ತಿನದು. ಕ್ಲೋರಿನ್ ಮತ್ತು ಪರೀಕ್ಷೆಯ ಪಾಲು ಅದರೆದುರು ಅಲ್ಪ. ಬಹುಭಾಗ ಖರ್ಚು ಮಾಡಿ, ಕೊನೆಯ ಅಲ್ಪಭಾಗ ಉಳಿಸಲು ಹೋಗಿ, ಇಡೀ ನೀರನ್ನು ಅನುಮಾನಕ್ಕೆ ಗುರಿ ಮಾಡುವುದು ಯಾವ ಲೆಕ್ಕಶಾಸ್ತ್ರ? ಮರುಬಳಕೆಯ ನೀರಿಗೆ ನಿಜವಾದ ಬಂಡವಾಳ ಪಂಪು, ಪೈಪುಗಳಲ್ಲ. ಅದನ್ನು ಬಳಸುವವರ ವಿಶ್ವಾಸ. ಕೋಲಾರದ ಒಂದು ಹಳ್ಳಿಯಲ್ಲಿ, ಬೆಂಗಳೂರಿನ ಒಂದು ಸಮುಚ್ಚಯದಲ್ಲಿ ಆ ವಿಶ್ವಾಸ ಕಳೆದುಹೋದರೆ ಅದನ್ನು ಯಾವ ಕಣಿವೆಯಿಂದಲೂ ಪಂಪ್ ಮಾಡಿ ತರಲಾಗದು.

ನಮ್ಮ ನೆಲಮಾಳಿಗೆಯ ಹುಡುಗನಿಗೆ ಈಗ ಒಂದು ಪರೀಕ್ಷಾ ಕಿಟ್, ಒಂದು ಜೊತೆ ಬೂಟು ಕೊಡಿಸಿದ್ದೇವೆ. ಕ್ಲೋರಿನ್ ಇಲ್ಲದಿದ್ದರೆ ಯಾರನ್ನೂ ಕೇಳದೆ ಪಂಪ್ ನಿಲ್ಲಿಸುವ ಅಧಿಕಾರವನ್ನೂ ಕೊಟ್ಟಿದ್ದೇವೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಅವನು ಹಾಳೆಯಲ್ಲಿ ‘0’ ಎಂದು ಬರೆದು ಪಂಪ್ ನಿಲ್ಲಿಸಿದ. ಫ್ಲಶ್‌ನಲ್ಲಿ ನೀರಿಲ್ಲವೆಂದು ಹಲವರು ಗೊಣಗಿದರು, ಇಬ್ಬರು ನನಗೆ ದೂರವಾಣಿ ಮಾಡಿ ಸಿಟ್ಟಾದರು. ಮಧ್ಯಾಹ್ನದ ಹೊತ್ತಿಗೆ ಹೊಸ ಡ್ರಮ್ಮು ಬಂತು. ಆ ಹಾಳೆಯಲ್ಲಿ ನಾನು ನಂಬಬಹುದಾದ ಮೊದಲ ಅಂಕಿ ಆ ಸೊನ್ನೆ.